ಹದಿನಾರು ಡಿಗ್ರಿ

ಅಜ್ಮಾನಿನ ಗ್ಯಾರೇಜಿನಿಂದ ಬಾಡಿಗೆಗೆ ತಂದ ಕಾರವಾನು,
ಎರಡು ರಾತ್ರಿಗೆ.
ಒಲೆ ಇದೆ, ಕಕ್ಕಸು ಇದೆ, ಮಡಚುವ ಮಂಚ ಇದೆ,
ಯಾರದೋ ಮಗು ಗೋಡೆಗೆ ಅಂಟಿಸಿದ ಸ್ಟಿಕ್ಕರು ಕೂಡ.
ಹಮ್ಮಬ್ಬ ಸ್ಟಿಯರಿಂಗು ಹಿಡಿದು ಹೇಳಿದ:
‘ಮನೆಯನ್ನೇ ಓಡಿಸೋದು ಅಂದ್ರೆ ಹೀಗೆ ನೋಡು,
ಬ್ರೇಕು ಹಾಕಿದ್ರೆ ಪಾತ್ರೆಗಳೆಲ್ಲ ಜಗಳಕ್ಕೆ ಬರ್ತವೆ.’

ನಾನು ಕಿವಿಗೊಟ್ಟದ್ದು ನೆತ್ತಿಯ ಮೇಲಿನ ಎ.ಸಿ.ಗೆ.
ಹತ್ತೊಂಬತ್ತು ವರ್ಷದ ಚಾಳಿ.
ಕಂಪ್ರೆಸರಿನ ಕೆಮ್ಮು ಕೇಳಿಯೇ ಕಾಯಿಲೆ ಹೇಳಬಲ್ಲೆ:
ಗ್ಯಾಸು ಕಮ್ಮಿ, ಬೇರಿಂಗು ಸವೆದಿದೆ, ಫಿಲ್ಟರಿನಲ್ಲಿ ಮರಳು.
‘ರಜೆಯಲ್ಲಿದ್ದೀರಿ,’ ಅಂದಳು ವಾರಿಜ,
ಸ್ಕ್ರೂಡ್ರೈವರು ಕಸಿದು ಚಮಚಗಳ ಜೊತೆ ಇಟ್ಟಳು.

ಕುದ್ರಾ ದಾಟಿದ ಮೇಲೆ ಡಾಂಬರು ಮಾತು ನಿಲ್ಲಿಸಿತು.
ಮರ್ಮೂಮಿನ ಬೇಲಿ. ಎರಡು ಭಾಷೆಯ ಹಸಿರು ಬೋರ್ಡು:
ನೆಲದ ಮೇಲೆ ಬೆಂಕಿ ಬೇಡ. ಕಸ ಬಿಡಬೇಡಿ.
ಪ್ರಾಣಿಗಳಿಗೆ ಏನನ್ನೂ ಕೊಡಬೇಡಿ.
ಕೊಡುವುದಕ್ಕೆ ನಮ್ಮಲ್ಲಿ ಇದ್ದುದಾದರೂ ಏನು?
ಒಂದು ಡಬ್ಬಿ ನೀರುದೋಸೆ ಹಿಟ್ಟು, ಒಣಸಿಗಡಿ ಚಟ್ನಿ,
ಅರ್ಧ ಕಲ್ಲಂಗಡಿ.

ಅಕ್ಟೋಬರ್. ಸೆಖೆ ಹೋಗಿರಲಿಲ್ಲ, ಹೋಗುತ್ತೇನೆ ಅನ್ನುತ್ತಿತ್ತು,
ಚಪ್ಪಲಿ ಮೆಟ್ಟಿಯೂ ಬಾಗಿಲಲ್ಲಿ ಮಾತಾಡುವ ನೆಂಟರ ಹಾಗೆ.
ಗಾಫ್ ಮರದ ಮಗ್ಗುಲಲ್ಲಿ ಗಾಡಿ ನಿಲ್ಲಿಸಿದೆವು.
ಹಗಲೆಲ್ಲ ಕಂಡದ್ದು ಹೆಜ್ಜೆ, ಕಾಲುಗಳಲ್ಲ:
ಹಲ್ಲಿಯದು ಹೊಲಿಗೆ ಹಾಕಿದಂತೆ,
ಜೀರುಂಡೆಯದು ಜಡೆ ಹೆಣೆದಂತೆ,
ಇನ್ನೊಂದು ಗೊರಸಿನದು, ಎರಡು ಹುಣಸೆಬೀಜ
ಒತ್ತಿ ತೆಗೆದಂತೆ, ಅಷ್ಟು ಚಿಕ್ಕದು.
ಹಮ್ಮಬ್ಬ ಒಂಟೆಯ ಲದ್ದಿ ಮೆಟ್ಟಿ
‘ನನ್ನ ಪಾಲಿಗೆ ಬಂದ ಪ್ರಾಣಿ ಇದು’ ಅಂದ.

ರಾತ್ರಿ ಹನ್ನೆರಡೂವರೆ.
ಕಡಲ ಕಡೆಯಿಂದ ತೇವ ನಡೆದು ಬಂದಿತ್ತು,
ಮೂವತ್ತು ಮೈಲಿ, ಬರಿಗಾಲಲ್ಲಿ.
ಕಿಟಕಿ ಬೆವರಿತ್ತು. ಅಂಗೈಯಿಂದ ಒರೆಸಿದೆ.

ಅದು ನಿಂತಿತ್ತು.
ಡ್ರೈನ್ ಪೈಪಿನ ಕೆಳಗೆ, ಮರಳ ಬಣ್ಣದ ಚಿಗರೆ,
ಕೊಂಬು ಇನ್ನೂ ಪೆನ್ಸಿಲಿನಷ್ಟು.
ಕತ್ತು ತಿರುಚಿ, ನಾಲಗೆ ಚಾಚಿ
ಒಂದು ಹನಿ. ಕಾಯುವುದು.
ಇನ್ನೊಂದು ಹನಿ.

ಹತ್ತೊಂಬತ್ತು ವರ್ಷ ಈ ನೀರನ್ನು
ಯಾರ ಕಣ್ಣಿಗೂ ಬೀಳದ ಹಾಗೆ ಸಾಗಹಾಕಿದವನು ನಾನು,
ದೇರಾದ ಲಾಡ್ಜುಗಳಲ್ಲಿ, ಶಾರ್ಜಾದ ಏಳನೇ ಮಹಡಿಯಲ್ಲಿ.
‘ನೀರು ಬೀಳ್ತಿದೆ’ ಅಂತ ಫೋನು ಬಂದರೆ ಅದು ದೂರು.
ಓಡಬೇಕು, ಪೈಪು ಊದಬೇಕು, ಮೋರಿಗೆ ಸೇರಿಸಬೇಕು,
ಸಹಿ ಹಾಕಿಸಿಕೊಂಡು ಬರಬೇಕು.

ರಿಮೋಟು ತೆಗೆದೆ. ಇಪ್ಪತ್ತನಾಲ್ಕು ಇತ್ತು.
ಇಪ್ಪತ್ತು. ಹದಿನೆಂಟು. ಹದಿನಾರು.
ಅದಕ್ಕಿಂತ ಕೆಳಗೆ ಯಂತ್ರಕ್ಕೆ ಲೆಕ್ಕ ಬರುವುದಿಲ್ಲ.
ಹನಿ ಚುರುಕಾಯಿತು. ಕಿವಿಯೊಂದು ಅಲುಗಿತು.
ಹೊದಿಕೆಯೊಳಗಿಂದ ವಾರಿಜ:
‘ಮೀನಿನ ಪೆಟ್ಟಿಗೆ ಅಂದ್ಕೊಂಡ್ರಾ ಇದನ್ನ?’
ಕರೆದು ತೋರಿಸಿದೆ. ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ ಟವೆಲು, ಹಮ್ಮಬ್ಬನ ಜಾಕೆಟ್ಟು, ಬಿಚ್ಚಿದ ಪರದೆ,
ಸಿಕ್ಕಿದ್ದನ್ನೆಲ್ಲ ಹೊದ್ದು ನನ್ನ ಪಕ್ಕ ಕೂತಳು.
ಹಮ್ಮಬ್ಬನನ್ನು ಎಬ್ಬಿಸಲಿಲ್ಲ.
ಎದ್ದಿದ್ದರೆ ಫೋಟೊ ತೆಗೆಯುತ್ತಿದ್ದ.

ಮೂರು ಹತ್ತಕ್ಕೆ ಜನರೇಟರಿನ ಡೀಸೆಲ್ ಮುಗಿಯಿತು.
ಸದ್ದು ನಿಂತ ಮೇಲೇ ತಿಳಿದದ್ದು, ಎಷ್ಟು ಸದ್ದಿತ್ತೆಂದು.
ಪೈಪಿನಲ್ಲಿ ಉಳಿದಿದ್ದ ನಾಲ್ಕು ಹನಿ ಬಿದ್ದವು, ಎಣಿಸಿದೆ.
ಐದನೆಯದಕ್ಕೆ ಅದು ಕಾದಿತು.
ನನ್ನ ಗಿರಾಕಿಗಳಲ್ಲಿ ಯಾರೂ ಹಾಗೆ ಕಾದದ್ದಿಲ್ಲ.
ಕಿಟಕಿ ಮತ್ತೆ ಒರೆಸುವಷ್ಟರಲ್ಲಿ ಬರೀ ಮರಳು.

ಬೆಳಿಗ್ಗೆ ಇದ್ರೀಸ್ ಬಂದ, ಕಾವಲಿನವ, ಸುಡಾನಿನವ.
ಜೀಪಿನಿಂದಿಳಿದು ಪೈಪಿನ ಕೆಳಗಿನ ಒದ್ದೆ ನೋಡಿದ,
ಗೊರಸು ನೋಡಿದ, ನನ್ನನ್ನು ನೋಡಿದ.
ಕೈ ದಂಡದ ಪುಸ್ತಕದ ಜೇಬಿಗೆ ಹೋಯಿತು.
‘ಕೊಟ್ಟದ್ದಲ್ಲ,’ ಅಂದೆ ಮುರುಕು ಅರಬಿಯಲ್ಲಿ, ‘ಸೋರಿದ್ದು.’
ಅವನು ಬೂಟಿನಿಂದ ಒಣಮರಳು ಎಳೆದು
ಒದ್ದೆಯ ಮೇಲೆ ಮುಚ್ಚಿದ, ಗೊರಸುಗಳ ಮೇಲೂ.
‘ನಮ್ಮ ಚೌಕಿಯದೂ ಸೋರುತ್ತದೆ,’ ಅಂದ,
‘ಮೇ ತಿಂಗಳಿನಿಂದ. ಮೆಕ್ಯಾನಿಕ್ಕಿಗೆ ಹೇಳಿಲ್ಲ.’

ನನ್ನ ಕಸುಬು ಏನೆಂದು ನಾನೂ ಹೇಳಲಿಲ್ಲ.