ಎರಡು ಹಲಗೆ

ತೊಕ್ಕೊಟ್ಟಿನ ಅಂಗಡಿಯಿಂದ ಬೆಳಗಿನ ಐದೂವರೆಗೆ
ಆಡಿನ ಮಿದುಳು ತರುತ್ತೇನೆ, ಐಸಿನ ಡಬ್ಬಿಯಲ್ಲಿ.
ಈ ಹುಡುಗಿಯ ಮನೆಯಲ್ಲಿ ವಾರಕ್ಕೆರಡು ದಿನ ಮಿದುಳಿನ ಗಸಿಯೇ ಎಂದು
ಕಸಾಯಿಯವರು ಕೇಳುವುದು ಬಿಟ್ಟು ವರ್ಷವಾಯಿತು.

ದೇರಳಕಟ್ಟೆಯ ಲ್ಯಾಬಿನಲ್ಲಿ ಅರೆದು, ಸೋಸಿ,
ಬಿಸಿಮಾಡಿ, ತಣಿಸಿ, ಮತ್ತೆ ಬಿಸಿಮಾಡಿ
ಸಂಜೆಗೆ ಉಳಿಯುವುದು ಇಷ್ಟೇ ಇಷ್ಟು.
ಅದರ ಒಂದು ಹನಿಯೊಳಗೆ ಕಡ್ಡಿಗಳು,
ಕೂದಲನ್ನು ಸಾವಿರ ಸೀಳಿದರೂ ಬಾರದಷ್ಟು ಸಪೂರ,
ಹಿಡಿಸೂಡಿ ಬಿಚ್ಚಿ ಚೆಲ್ಲಿದ ಹಾಗೆ.

ಮೇಲೆ ಕೈನೆಸಿನ್ ಬಿಡುತ್ತೇನೆ.
ಎರಡು ಕಾಲಿನ ಪ್ರೋಟೀನು, ಕಡ್ಡಿಯ ಮೇಲೆ ನಡೆಯುವುದೇ ಕೆಲಸ.
ಹೆಜ್ಜೆಗೊಂದು ಎಟಿಪಿ. ಸಾಲ ಇಲ್ಲ.

ಉಪ್ಪ ಮೂವತ್ತೆಂಟು ವರ್ಷ ನಡೆದದ್ದು ಹಾಗೆಯೇ,
ಹಳೆ ಬಂದರಿನ ದಕ್ಕೆಯಿಂದ ಮಂಜಿಯ ಹೊಟ್ಟೆಗೆ
ಒಂದಡಿ ಅಗಲದ ಹಲಗೆಯ ಮೇಲೆ.
ತಲೆಯಲ್ಲಿ ಲಕ್ಷದ್ವೀಪದ ಅಕ್ಕಿ, ಸಿಮೆಂಟು,
ಒಮ್ಮೆ ಯಾರದೋ ಮದುವೆಯ ಹೊಲಿಗೆ ಮಿಷನ್ನು.
ಹಮ್ಮಬ್ಬ ಬೀಳುವವನಲ್ಲ ಎಂದು ಬಂದರಿಗೇ ಗೊತ್ತಿತ್ತು.
ಬಿದ್ದದ್ದು ಒಂದೇ ಸಲ,
ಹಗ್ಗ ಕಳಚಿ ತೇಲುತ್ತಿದ್ದ ಎರಡು ಹಲಗೆಗಳ ಮೇಲೆ
ಒಂದೊಂದು ಕಾಲಿಟ್ಟು.
"ನಾನು ಮುಂದೆ ಹೋಗಲೇ ಇಲ್ಲ ಮಗಳೇ,
ಹಲಗೆ ಹಿಂದೆ ಹೋಯಿತು."

ಪಾಠಪುಸ್ತಕ ನನಗೆ ಕೊಡದ ವಾಕ್ಯ ಅದು.
ಕೈನೆಸಿನ್‌ಗಳನ್ನು ಜೋಡಿ ಜೋಡಿ ಬೆಸೆದಿದ್ದೇನೆ,
ಒಂದರ ಕಾಲಿಗೆ ಈ ಕಡ್ಡಿ, ಇನ್ನೊಂದರ ಕಾಲಿಗೆ ಆ ಕಡ್ಡಿ.
ಎರಡೂ ತಮ್ಮ ತಮ್ಮ ತುದಿಗೆ ಹೊರಟವು.
ಕಡ್ಡಿಗಳು ಜಾರಿದವು, ತಿರುಗಿದವು,
ತುದಿ ತುದಿಯ ಬಳಿ ಸರಿಯಿತು.
ಹತ್ತು ನಿಮಿಷಕ್ಕೆ ಕತ್ತಲೆ ಕೋಣೆಯ ಪರದೆಯಲ್ಲಿ
ಒಂದು ನಕ್ಷತ್ರ.
ಆಚೆ ಇನ್ನೊಂದು, ಸ್ವಲ್ಪ ಸೊಟ್ಟ.
(ನಿನ್ನೆ ಕೈನೆಸಿನ್ ಕಮ್ಮಿಯಾಗಿತ್ತು. ಹಿಡಿಸೂಡಿ ಹಾಗೇ ಬಿದ್ದಿತ್ತು.)
ಎಲ್ಲಿ ಕೂಡಬೇಕೆಂದು ಯಾರೂ ಕೂಗಿ ಹೇಳಿಲ್ಲ.
ಅವಕ್ಕೆ ಗೊತ್ತಿರುವುದು ಮುಂದಿನ ಹೆಜ್ಜೆ, ನಕ್ಷತ್ರ ಅಲ್ಲ.

ಫೋನಿನಲ್ಲಿ ಉಪ್ಪನಿಗೆ ತೋರಿಸಿದೆ.
ಕನ್ನಡಕ ಹಣೆಗೇರಿಸಿ ಎರಡು ಸಲ ನೋಡಿದರು.
"ಇವರಿಗೆ ಮೇಸ್ತ್ರಿ ಯಾರು?"
ಯಾರೂ ಇಲ್ಲ.
"ಹಾಗಾದರೆ ಮಜೂರಿ ಕೊಡುವುದು?"

ನಾನು, ಎಂದೆ. ಪೈಪೆಟ್ಟಿನಲ್ಲಿ.

ವಿಡಿಯೋ ಇನ್ನೂ ಓಡುತ್ತಿತ್ತು.
ನಲವತ್ತನೆಯ ನಿಮಿಷಕ್ಕೆ ಎಟಿಪಿ ಮುಗಿದು
ಎಲ್ಲ ನಿಂತವು,
ಎತ್ತಲಾರದ ಕಾಲು ಕಡ್ಡಿಗೆ ಕಚ್ಚಿಕೊಂಡು.
ಉಪ್ಪ ಎಡಮೊಣಕಾಲು ಒತ್ತಿಕೊಳ್ಳುತ್ತ
ಪರದೆಯ ಮೇಲೆ ಬೆರಳಿಟ್ಟು ಸುಮ್ಮನಿದ್ದರು.
ಆಮೇಲೆ ಹೇಳಿದರು,
"ನಾಳೆಯಿಂದ ಸ್ವಲ್ಪ ಹೆಚ್ಚೇ ಹಾಕು."