ತುಟಿಯಿಲ್ಲದ ಪಾತ್ರ

ಗಾಂಧಿನಗರ, ಮೂರನೇ ಮಹಡಿ, ಡಬ್ಬಿಂಗ್ ಕೋಣೆ.
ನೌಕೆ ಕಾಯುವ ಯಂತ್ರಕ್ಕೆ ನನ್ನ ಗಂಟಲು.
ತುಟಿಯಿಲ್ಲ ಅದಕ್ಕೆ, ಹಾಗಾಗಿ
ಮಾತು ಉದ್ದವಾದರೂ ಸರಿ, ಗಿಡ್ಡವಾದರೂ ಸರಿ.

ಹೊರಗೆ ಕತ್ತಲಲ್ಲಿ ಒಬ್ಬ ಬಾಗಿಲು ಬಡಿಯುತ್ತಾನೆ.
ಒಳಗಿನ ಗಾಳಿ ನಾಲ್ವರಿಗೆ ಮಾತ್ರ,
ಒಳಗೆ ನಾಲ್ವರಿದ್ದಾರೆ.
"ತೆರೆಯಲಾಗದು." ಅಷ್ಟೇ ನನ್ನ ಸಾಲು.

"ದನೀಲಿ ಅಳು ಇದೆ, ಮೇಡಂ,"
ಗಾಜಿನಾಚೆಯಿಂದ ಚನ್ನವೀರ,
"ಯಂತ್ರ ಅದು. ಇನ್ನೊಮ್ಮೆ."
ಐದು ಸಲ ಆಯಿತು. ಅವನ ಚಹಾ ಆರಿ ಕೆನೆ ಕಟ್ಟಿತು.

ಆಗ ನೆನಪಾಯಿತು ಬೆಳಗಿನ ದನಿ:
ಲಗ್ಗೆರೆಯ ನಮ್ಮ ಮೆಟ್ಟಿಲಲ್ಲಿ
ಖಾಲಿ ಕೊಡ ಸೊಂಟಕ್ಕಿಟ್ಟು ಕೆಳಮನೆಯ ಸಗಾಯಮೇರಿ;
ಅರ್ಧ ಟ್ಯಾಂಕ್ ನೀರಿತ್ತು, ಟ್ಯಾಂಕರ್ ಬರುವುದು ನಾಳಿದ್ದು,
"ಇಲ್ಲ ಕಣೇ, ತಳ ಕಾಣ್ತಿದೆ" ಅಂದಿದ್ದೆ,
ಉಸಿರೂ ಏರದೆ.

ಅದನ್ನೇ ಎತ್ತಿ ಮೈಕಿಗೆ ಕೊಟ್ಟೆ.
"ಓಕೆ! ಇದೇ ಬೇಕಿತ್ತು!"
ಚನ್ನವೀರ ಹೆಬ್ಬೆರಳೆತ್ತಿದ.

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು.
ದಾರಿಯುದ್ದಕ್ಕೂ ಕೂಡಿಸಿದೆ, ಕಳೆದೆ:
ನಾಲ್ವರ ಗಾಳಿಯಲ್ಲಿ ಐವರು ಎಷ್ಟು ಹೊತ್ತು,
ಅರ್ಧ ಟ್ಯಾಂಕಿನಲ್ಲಿ ಎರಡು ಮನೆ ಎಷ್ಟು ದಿನ.
ಮುಂದಿನ ಕಂತಿನ ಹಾಳೆ ಇನ್ನೂ ಬಂದಿಲ್ಲ.
ಮೆಟ್ಟಿಲ ಮೇಲೆ ಆ ಕೊಡ
ಹಾಗೇ ಇದೆಯೋ ಏನೋ.