ಒಳಗೆ ಬಿಟ್ಟ ಒಂದಿಂಚು

ಅಳತೆ ಪುಸ್ತಕದ ಐವತ್ತೆರಡನೇ ಹಾಳೆಯಲ್ಲಿ
ಜೋವಿಟಾಳ ಹೆಸರು.
ಸೊಂಟ ಇಪ್ಪತ್ತೆಂಟು, ಜನವರಿ ಹದಿನೇಳು: ಹೊಡೆದು ಹಾಕಿದೆ.
ಸೊಂಟ ಇಪ್ಪತ್ತೇಳು, ಈಸ್ಟರ್ ಕಳೆದ ಬುಧವಾರ: ಹೊಡೆದು ಹಾಕಿದೆ.
ಸೊಂಟ ಇಪ್ಪತ್ತೈದೂವರೆ.
"ಗುಲಾಬಿಯಕ್ಕ, ತಾರೀಕು ಈ ಸಲ
ಪೆನ್ಸಿಲಿನಲ್ಲಿ ಬರೆಯಿರಿ" ಎಂದಳು.

ಕುಲಶೇಖರದ ಇಳಿಜಾರಿನಲ್ಲಿ ನನ್ನ ಅಂಗಡಿ.
ಕೊಂಕಣಿಯವರ ಮದುವೆಗೆ ಬಿಳಿ ಗೌನು ಹೊಲಿದೇ
ಮನೆಯ ಹಂಚು ಇಳಿಸಿ ಸ್ಲ್ಯಾಬು ಹಾಕಿಸಿದವಳು ನಾನು.
ಬಿಳಿ ಬಟ್ಟೆಗೆ ಕಾಯಲು ಬರುವುದಿಲ್ಲ,
ಆಷಾಢದಲ್ಲಿ ಮಡಿಕೆ ಮಡಿಕೆಗೆ ಹಳದಿ ಕೂರುತ್ತದೆ.
ನೀಲಿ ಕಾಗದದಲ್ಲಿ ಸುತ್ತಿ, ನಾಲ್ಕು ಲವಂಗ ಹಾಕಿ,
ಅದನ್ನು ಬೀರುವಿನಲ್ಲಿ ಮಲಗಿಸಿದೆ.

ಹುಡುಗ ಆಲ್ಡ್ರಿನ್ ಇರುವುದು ಐರ್ಲೆಂಡಿನ ಕಾರ್ಕಿನಲ್ಲಿ.
ಊರಿಗೆ ಬಾಟಲಿಯ ಬಿರಡೆಯ ಹೆಸರು, ನೋಡಿ.
ಅವನ ಪರ್ಮಿಟ್ಟು ನವೀಕರಣಕ್ಕೆ ಹೋಗಿದೆ,
ಹೋದದ್ದು ಹೋದಲ್ಲೇ ಕೂತಿದೆ.
ಅದಿಲ್ಲದೆ ಹೊರಟರೆ ಅವನಿಗೆ ವಾಪಸು ದಾರಿ ಇಲ್ಲ.
ಅವನು ಬಾರದೆ ಮದುವೆ ಇಲ್ಲ,
ಮದುವೆಯ ಸರ್ಟಿಫಿಕೇಟಿಲ್ಲದೆ ಇವಳಿಗೆ ವೀಸಾ ಇಲ್ಲ.
ಹೀಗೆ ಸುತ್ತಿಕೊಂಡ ನೂಲನ್ನು
ಬಾಬಿನ್ನಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ.
ಅಲ್ಲಾದರೆ ಕತ್ತರಿ ಹಾಕಬಹುದು.

ಚರ್ಚಿನಲ್ಲಿ ಮೂರು ಆದಿತ್ಯವಾರ ಚೀಟಿ ಓದಿದರು.
ಯಾರ ಆಕ್ಷೇಪವೂ ಇಲ್ಲ ಎಂದರು ಪಾದ್ರಿಗಳು.
ಆಕ್ಷೇಪ ಇದ್ದವರು ಕುಲಶೇಖರದಲ್ಲಿ ಇರಲಿಲ್ಲ.
ಆರು ತಿಂಗಳಿಗೆ ಆ ಚೀಟಿಯೂ ಹಳತಾಗುತ್ತದಂತೆ.
ಹಾಲ್‌ನ ಅಡ್ವಾನ್ಸಿನಲ್ಲಿ ಅರ್ಧ ಹೋಯಿತು.
ಬ್ಯಾಂಡಿನವ ಒಳ್ಳೆಯವ,
ತಮ್ಮನ ಮದುವೆಗೆ ಹಿಡಿಯುತ್ತೇನೆ ಎಂದ.
ತಮ್ಮನಿಗೆ ಈಗ ಹದಿನಾಲ್ಕು.
ಹಂದಿ ಮಾಂಸ ಹೇಳಿಟ್ಟವನಿಗೆ ಫೋನು ಮಾಡುವಾಗ ಮಾತ್ರ
ತಾಯಿ ಎವುಜಿನ್ ಬಾಯಿ ಅತ್ತರು.

ಜೋವಿಟಾ ಅಳಲಿಲ್ಲ.
ರಾತ್ರಿಪಾಳಿ ಮುಗಿಸಿ ಬಂದು ಇಂಗ್ಲಿಷ್ ಪರೀಕ್ಷೆಗೆ ಓದಿದಳು.
ಹೆಂಡತಿ ಎಂದು ತೆರೆಯದ ಬಾಗಿಲಲ್ಲಿ
ನರ್ಸ್ ಎಂದು ಹೋಗಿ ನಿಂತಳು.
ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಬೆರಳಚ್ಚು.
"ಕೈ ತೊಳೆದು ತೊಳೆದು ಗೆರೆಯೇ ಇಲ್ಲ ಅಕ್ಕ,
ಮತ್ತೆ ಒತ್ತಿ, ಮತ್ತೆ ಒತ್ತಿ ಎಂದರು."
ನನ್ನ ತೋರುಬೆರಳು ತೋರಿಸಿದೆ.
ಸೂಜಿ ತಾಗಿ ತಾಗಿ ಅದೂ ನುಣ್ಣಗೆ,
ಆಧಾರಿಗೆ ನಾಲ್ಕು ಸಲ ಓಡಾಡಿದವಳು ನಾನು.
ಇಬ್ಬರೂ ನಕ್ಕೆವು.

ವೀಸಾ ಬಂದದ್ದು ಒಂದು ಮಂಗಳವಾರ.
ಹತ್ತೊಂಬತ್ತು ದಿನದಲ್ಲಿ ಕೆಲಸಕ್ಕೆ ಸೇರಬೇಕು.
ಹೆಣ್ಣೇ ದಿಬ್ಬಣ ಹೊರಡುವುದು, ಅದೂ ಒಬ್ಬಳೇ.
ಅಜ್ಜಿ ಹಟ ಹಿಡಿದಳು:
ರೋಸ್ ಆಗದೆ ಈ ಹೊಸ್ತಿಲು ದಾಟಬಾರದು.
ಮದುವೆಯ ಮುನ್ನಾದಿನ ಆಗಬೇಕಾದ ಶಾಸ್ತ್ರ,
ಯಾವ ಮದುವೆಯ ಯಾವ ಮುನ್ನಾದಿನವೋ,
ಗುರುವಾರ ಸಂಜೆ ಅಂಗಳದಲ್ಲಿ ತೆಂಗಿನ ಹಾಲು ಹೊಯ್ದರು.
ನಾನೂ ಹೊಯ್ದೆ.
ವೋವಿ ಹೇಳುತ್ತಿದ್ದ ಮುದುಕಿಯರು
"ನಾಳೆ" ಎಂಬಲ್ಲಿಗೆ ಬಂದು ತಡೆದರು.
ಒಬ್ಬಳು ಕೆಮ್ಮಿದಳು.
ಅಜ್ಜಿಯೇ ಎತ್ತಿಕೊಂಡಳು ಮತ್ತೆ,
ಆ "ನಾಳೆ"ಯನ್ನು ನುಂಗದೆ,
ತುಸು ಉದ್ದ ಮಾಡಿ.

ನಿನ್ನೆ ಬಂದು ಗೌನನ್ನು ತಕ್ಕಡಿಗೆ ತೂಗುಹಾಕಿದಳು.
ಮೂರು ಕಿಲೋ ಎಂಟುನೂರು.
ಇಪ್ಪತ್ತಮೂರು ಕಿಲೋದಲ್ಲಿ ಅತ್ತೆ ಕೊಟ್ಟ ಕೆಂಪು ಸಾಡೊ ಇದೆ,
ಅಮ್ಮನ ಬಫಾತ್ ಪುಡಿ, ಎರಡು ಸ್ವೆಟರು,
ಫೈಲಿನ ತುಂಬ ಕಾಗದ.
"ಒಳಗಿನ ನೆಟ್ಟು ತೆಗೆಯಿರಿ, ಅಕ್ಕ."
ಏಳು ಪದರದಲ್ಲಿ ಐದು ಬಿಚ್ಚಿದೆ.
ಗಂಟೆಯಂತೆ ನಿಲ್ಲುತ್ತಿದ್ದ ಗೌನು
ಒದ್ದೆ ಕೊಕ್ಕರೆಯ ಹಾಗೆ ಇಳಿಬಿತ್ತು.

ಸೊಂಟ ಹಿಡಿದೆ, ಬಟ್ಟೆ ಕತ್ತರಿಸಲಿಲ್ಲ.
ಎರಡೂ ಬದಿಗೆ ಒಳಗೆ ಒಂದೊಂದು ಇಂಚು ಉಂಟು, ಎಂದೆ,
ಅಲ್ಲಿಯ ಊಟ ಮೈಗೆ ಹಿಡಿದರೆ,
ತಾರೀಕು ಇನ್ನೂ ಮುಂದೆ ಹೋದರೆ
ಬಿಚ್ಚಲು ಹೇಳು.
"ಯಾರಿಗೆ ಹೇಳಲಿ?" ಎಂದಳು.

ಸೂಜಿಯೊಂದಕ್ಕೆ ಬಿಳಿ ನೂಲು ಪೋಣಿಸಿ
ಒಳಮಡಿಕೆಯಲ್ಲಿ ಚುಚ್ಚಿಟ್ಟೆ.
ಕೈಚೀಲದಲ್ಲಿ ಬೇಡ ಮಾರಾಯ್ತಿ, ಪೆಟ್ಟಿಗೆಗೆ ಹಾಕು.
ವಿಮಾನದಲ್ಲಿ ಸೂಜಿ ಬಿಡುತ್ತಾರೋ ಇಲ್ಲವೋ.